ಅಪ್ಪ ರೊಟ್ಟಿ ಬಡಿದ ಎಂಟು ತಿಂಗಳು

ನಮ್ಮ ಅಪ್ಪ, ಅವ್ವ ಇಬ್ಬರೂ ರಾಯಚೂರು ಕಡೆಯವರು, ಕೃಷ್ಣಾ ನದಿಯ ನಡುಗಡ್ಡೆಯೊಂದರಲ್ಲಿ ಹುಟ್ಟಿದವರು. ಹೊಳೆ ತುಂಬಿದರೆ ವಾರಗಟ್ಟಲೆ ಆಚೆ ದಡಕ್ಕೆ ಹೋಗಲಾಗದ ಊರದು. ಅಲ್ಲಿ ಹರಿಗೋಲು ನಡೆಸುವುದು, ಮೀನು ಹಿಡಿಯುವುದು ಗಂಡಸರ ಕೆಲಸ. ಗಂಡಸರು ಒಲೆಯ ಹತ್ತಿರ ಬರುವುದು ಬೀಡಿ ಹಚ್ಚಿಕೊಳ್ಳಲು ಮಾತ್ರ ಎಂದು ಅವ್ವ ಹೇಳುತ್ತಿದ್ದಳು. ನಾನು ಕೂಸಾಗಿದ್ದಾಗಲೇ ಅವರು ದುಡಿಯಲು ಪುಣೆಗೆ ಬಂದಿದ್ದರು. ನನಗೆ ತಿಳಿವಳಿಕೆ ಬರುವಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ನಾವು ಮಾರ್ಕೆಟ್ ಯಾರ್ಡಿನ ಹಿಂದಿನ ತಗಡಿನ ಮನೆಯೊಂದರಲ್ಲಿದ್ದೆವು.

ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ ಒಂದು ದಿನ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯಿಂದ ಬಂದ ಮೇಲೆ ಕೋಲು ಹಿಡಿದು ನಡೆದಾಡಿದನೇ ಹೊರತು ಭಾರ ಎತ್ತಲಾಗಲಿಲ್ಲ. ಅವ್ವ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸಕ್ಕೆ ಸೇರಿದಳು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು ಓಡುತ್ತಿದ್ದಳು. ಒಂದು ಮುಂಜಾನೆ ಆಕೆ ಜ್ವರದಿಂದ ನಡುಗುವುದನ್ನು ನೋಡಿ ಅಪ್ಪ ಹಿಟ್ಟಿನ ಪರಾತವನ್ನು ತನ್ನ ಕಡೆಗೆ ಎಳೆದುಕೊಂಡ.

ಮೊದಲ ರೊಟ್ಟಿಗಳು ಹೆಂಚಿಗೆ ಹಾಕುವ ಮೊದಲೇ ಹರಿದವು. ಅವ್ವ ಕಂಬಳಿ ಹೊದ್ದು ಕೂತು, ನೀರು ಇನ್ನೂ ಕಾಯಬೇಕು, ಹಿಟ್ಟು ಇನ್ನೂ ನಾದಬೇಕು ಎಂದು ಹೇಳಿಕೊಟ್ಟಳು. ಜ್ವರ ಬಿಟ್ಟ ಮೇಲೂ ಒಲೆ ಅಪ್ಪನ ಕೈಯಲ್ಲೇ ಉಳಿಯಿತು, ತಿಂಗಳೊಳಗೆ ಅವನ ರೊಟ್ಟಿ ಅವ್ವನದಕ್ಕಿಂತ ತೆಳ್ಳಗಾಯಿತು. ಯಾರ್ಡಿನಲ್ಲಿ ಅಂಬಾಡಿ ಎಂದು ಮಾರುತ್ತಿದ್ದ ಸೊಪ್ಪು ನಮ್ಮ ಪುಂಡಿಯೇ. ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರೆ ಅಪ್ಪ ಜೋಳದ ನುಚ್ಚು ಹಾಕಿ ಪಲ್ಯ ಕುದಿಸುತ್ತಿದ್ದ. ಕನ್ನಡ ಸಾಲಿಯಿಂದ ಬಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಪಾಠ ಓದಿಸುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ, ಆದರೂ ಕೇಳುತ್ತಿದ್ದ. ಹೊರಗೆ ಯಾರ ಹೆಜ್ಜೆ ಸಪ್ಪಳವಾದರೂ ಬಾಗಿಲು ಮುಚ್ಚಲು ನನಗೆ ಹೇಳುತ್ತಿದ್ದ.

ಹೀಗೆ ಎಂಟು ತಿಂಗಳಾದ ಮೇಲೆ ದೊಡ್ಡಪ್ಪ ಊರಿನಿಂದ ಬಂದ ದಿನ ನಾನು ಮನೆಯಲ್ಲಿರಲಿಲ್ಲ, ಬಾಗಿಲು ತೆರೆದೇ ಇತ್ತು. ನಾನು ಬರುವ ಹೊತ್ತಿಗೆ ಅವನು ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಅಪ್ಪ ಬಡಿದ ರೊಟ್ಟಿಯನ್ನು ಮುಟ್ಟಿರಲಿಲ್ಲ. ಸಂಜೆ ಅವ್ವ ಬಂದ ಮೇಲೆ ಮಾತು ತೆಗೆದ. ಊರಿಗೆ ಗೊತ್ತಾದರೆ ಈ ಹುಡುಗಿಯನ್ನು ಯಾರೂ ಸೊಸೆಯಾಗಿ ತಂದುಕೊಳ್ಳುವುದಿಲ್ಲ ಎಂದು ನನ್ನನ್ನು ತೋರಿಸಿದ. ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದ:

"ಮನ್ಯಾಗ ಹೆಣ್ಮಗಳು ಇದ್ದಾಳ. ನೀ ಯಾಕ ಒಲಿ ಮುಂದ ಕುಂತಿ?"

ಅಪ್ಪನ ಪರವಾಗಿ ಅವ್ವ ಮಾತಾಡುತ್ತಾಳೆಂದು ನಾನು ಕಾದೆ. ಅವ್ವ ಉಳ್ಳಾಗಡ್ಡಿ ಸಿಪ್ಪೆ ಅಂಟಿದ ಕೈ ನೋಡಿಕೊಳ್ಳುತ್ತಾ ಹೇಳಿದಳು:

"ನಾಳಿಂದ ಆಕೀ ಬಡೀತಾಳ. ಸಾಲಿ ಆತು, ಸಾಕು."

"ಓದಲಿ ಬಿಡು," ಎಂದ ಅಪ್ಪ. ಒಂದೇ ಸಲ.

ನನಗಾಗ ಹನ್ನೆರಡು ವರ್ಷ. ಮರುದಿನ ಅಪ್ಪ ಪಕ್ಕದಲ್ಲಿ ಕೂತು ಹಿಟ್ಟಿಗೆ ನೀರು ಹೆಚ್ಚಾಯಿತು ಎಂದ. ಅವ್ವ ಅವನಿಗೆ ಹೊರಗೆ ಹೋಗಿ ಕೂರಲು ಹೇಳಿದಳು. ಅವನು ಚಾಪೆ ಸುತ್ತಿಕೊಂಡು ಹೋದ. ನನ್ನ ಬೆರಳು ಸುಟ್ಟಾಗ ಬಾಗಿಲಿನಿಂದ ನೋಡಿದ, ಒಳಗೆ ಬರಲಿಲ್ಲ.

ಕೆಲವು ವಾರಗಳಾದ ಮೇಲೆ ಸಾಲಿಯ ಅಕ್ಕೋರು ಮನೆ ಹುಡುಕಿಕೊಂಡು ಬಂದರು. ಹುಡುಗಿ ಚುರುಕಾಗಿದ್ದಾಳೆ, ಯಾಕೆ ಬಿಡಿಸಿದಿರಿ ಎಂದು ಕೇಳಿದರು. ಅವ್ವ ಕೆಲಸಕ್ಕೆ ಹೋಗಿದ್ದಳು. ಅಪ್ಪ ನಿಜ ಹೇಳಬಹುದಿತ್ತು. "ಆಕೀನ ಒಲ್ಲೆ ಅಂತಾಳ್ರಿ," ಎಂದುಬಿಟ್ಟ. ಅಕ್ಕೋರು ಬಾಗಿ ಒಳಗೆ ನೋಡಿದರು. ನಾನು ಹೆಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರುತ್ತಿದ್ದೆ. ಹೌದು ಎಂದು ತಲೆಯಾಡಿಸಿದೆ. ಅವನ ಮಾತು ಸುಳ್ಳೆಂದು ತೋರಿಸುವುದು ನನ್ನಿಂದಾಗಲಿಲ್ಲ.

ಹದಿನಾರಕ್ಕೆ ನನ್ನ ಮದುವೆಯಾಯಿತು. ಯಾರೂ ತಂದುಕೊಳ್ಳುವುದಿಲ್ಲ ಎಂದಿದ್ದ ದೊಡ್ಡಪ್ಪನೇ ಗಂಡು ತೋರಿಸಿದ. ಆಮೇಲೂ ಅವ್ವ ಯಾರ್ಡಿಗೆ ಹೋಗುತ್ತಲೇ ಇದ್ದಳು. ಹಗಲೆಲ್ಲ ಒಬ್ಬನೇ ಇರುತ್ತಿದ್ದ ಅಪ್ಪ ಚಹಾಕ್ಕೆ ಪಾವ್ ಅದ್ದಿಕೊಂಡು ತಿಂದು ಮಲಗುತ್ತಿದ್ದ. ಒಮ್ಮೆ, ಅವ್ವ ಊರಿಗೆ ಹೋಗಿದ್ದಾಗ ಬಂದು ನೋಡಿದರೆ ಹಿಟ್ಟಿನ ಡಬ್ಬಿ ತುಂಬಿತ್ತು, ಅವನು ಎರಡು ದಿನದಿಂದ ಪಾವ್ ಮೇಲೆಯೇ ಇದ್ದ. ಎರಡು ರೊಟ್ಟಿ ಬಡಿದುಕೊಳ್ಳಬಾರದೇ, ಯಾರು ನೋಡುತ್ತಾರೆ ಎಂದೆ.

"ಕೈ ಮರ್ತಾವವ್ವ," ಎಂದ.

ಮರೆತಿರಲಿಲ್ಲ, ಅದು ನನಗೆ ಗೊತ್ತಿತ್ತು. ನಾನು ಸ್ಟೋವ್ ಹಚ್ಚಿದೆ. ಅವನು ಕೋಲು ತೆಗೆದುಕೊಂಡು ಹೊರಗೆ ಹೋಗಿ ಕೂತ.