ಎಡ ಹೆಗಲಿನ ಕುಂದಾ

ವೈನಿ, ಅಣ್ಣನ ಬಂದೂಕಿನ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸಿದ್ದು ರುಸ್ತುಂ ಸೇಠ್ ಅಲ್ಲ. ನಾನು.

ಇಷ್ಟು ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತು. ಅತ್ತಿಗೆಯಾದ ನಿಮ್ಮೆದುರು ಕೂತು, ನೀವು ಕೊಟ್ಟ ಅವಲಕ್ಕಿ ತಿನ್ನುತ್ತ, ಎಷ್ಟೋ ಸಲ ಬಾಯಿ ತೆರೆದಿದ್ದೇನೆ — ತೆರೆದು, ಇನ್ನೊಂದು ಕಪ್ ಚಹಾ ಕೇಳಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ, ನಡುವೆ ತಡೆಯಬೇಡಿ.

ಅಪ್ಪನ ವಿಲಾಯತಿ ಜೋಡುನಳಿಗೆ ಬಂದೂಕು ನಿಮಗೆ ನೆನಪಿದೆ. ಬೆಳಗಾವಿಯಿಂದ ದಾದರಿನ ನಮ್ಮ ಬಿಲ್ಡಿಂಗಿಗೆ ಅದು ಅಣ್ಣನ ಜೊತೆ ಬಂತು. ಲೈಸೆನ್ಸಿನಲ್ಲಿ ಅವನ ಹೆಸರು, ಕೆಳಗೆ ನನ್ನದೂ. ಭಾನುವಾರ ಪವಾಯಿ ಕೆರೆಯಂಚಿಗೆ ಬಾತುಕೋಳಿ ಹೊಡೆಯಲು ಹೋಗುತ್ತಿದ್ದೆವು — ಅಣ್ಣ, ನಾನು, ಬಟ್ಟೆ ವ್ಯಾಪಾರದಲ್ಲಿ ಅಣ್ಣನ ಪಾಲುದಾರನಾಗಿದ್ದ ರುಸ್ತುಂ ಸೇಠ್. ಗುರಿ ಎಂದರೆ ವಾಸು ಎಂದು ಅಪ್ಪನ ಕಾಲದಿಂದ ನನಗೆ ಹೆಸರಿತ್ತು. ಆಮೇಲೆ ಮೈದಾನದಲ್ಲಿ ಕ್ರಿಕೆಟ್ ಚೆಂಡು ಬಡಿದು ನನ್ನ ಬಲಗಣ್ಣು ಹೋಯಿತು. ಬಲ ಹೆಗಲಿಗೆ ಬಂದೂಕು ಆನಿಸಿ ಹೊಡೆಯುವವನಿಗೆ ಬಲಗಣ್ಣಿಲ್ಲದಿದ್ದರೆ ಮುಗಿಯಿತು. ಅವರಿಬ್ಬರೂ ಹೋಗುತ್ತಿದ್ದರು, ನಾನು ಗ್ಯಾಲರಿಯಲ್ಲಿ ಕೂತು ಅವರು ನನ್ನ ಬಗ್ಗೆ ಏನು ಮಾತಾಡಿಕೊಳ್ಳುತ್ತಿರಬಹುದು ಎಂದು ಎಣಿಸುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ — ನನಗೆ ಉಳಿದದ್ದೇ ಒಂದು ಕಣ್ಣು, ಅದಕ್ಕೂ ಕಾಮಾಲೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಬಂದೂಕಿನ ಮರ ಸೀಳಿತು. ಸರಿಯಾಗಿ ಮುಷ್ಟಿಯಲ್ಲಿ ಹಿಡಿಯುವ ಕಡೆ. ಅಣ್ಣ ನನ್ನನ್ನು ಕರೆದುಕೊಂಡು ಫೋರ್ಟಿನ ಗಲ್ಲಿಯೊಂದರಲ್ಲಿ ಮಹಡಿಯ ಮೇಲಿದ್ದ, ಬಂದೂಕು ರಿಪೇರಿ ಮಾಡುವ ಉಸ್ತಾದನ ಅಂಗಡಿಗೆ ಹೋದ. ಬಂದೂಕಿನ ಮರದ ಹಿಡಿಗೆ ಉಸ್ತಾದ ಕುಂದಾ ಎನ್ನುತ್ತಿದ್ದ. ಕುಂದಾ ಎಂದರೆ ಬೆಳಗಾವಿಯ ನಮಗೆ ಸಿಹಿ. ಅಣ್ಣ ನಕ್ಕ, ನಾನೂ ನಕ್ಕೆ. ನಾವು ಒಟ್ಟಿಗೆ ನಕ್ಕದ್ದು ಅದೇ ಕೊನೆಯೇನೋ.

ಉಸ್ತಾದ ಕಾಶ್ಮೀರದ ಅಕ್ರೋಟ ಮರದ ಹಲಗೆಗಳನ್ನು ಗೋಡೆಗೆ ಆನಿಸಿ ಇಟ್ಟಿದ್ದ. ಒಣಗಿದಾಗ ಎಲ್ಲವೂ ಒಂದೇ, ಧೂಳಿನ ಬಣ್ಣ. ಒದ್ದೆ ಬಟ್ಟೆಯಿಂದ ಒರೆಸಿದನೋ ಇಲ್ಲವೋ — ಕಪ್ಪು ಗೆರೆಗಳು, ಜೇನಿನ ಬಣ್ಣ, ಸುಳಿ, ಎಲ್ಲ ಮೇಲೆದ್ದವು. “ವಾಸೂ, ನಿನಗ ಯಾವುದು ಚಲೋ ಅನಸ್ತದ?” ಎಂದು ಅಣ್ಣ ಕೇಳಿದ. ಸುಳಿಯೇ ಸುಳಿ ಇದ್ದ ಹಲಗೆಯನ್ನು ತೋರಿಸಿದೆ. ಉಸ್ತಾದ ತಲೆಯಾಡಿಸಿ, ಮುಷ್ಟಿ ಬರುವ ಜಾಗದಲ್ಲಿ ನಾರು ನೆಟ್ಟಗಿರಬೇಕು, ಸುಳಿ ಏನಿದ್ದರೂ ಹಿಂದಿನ ಅಗಲದಲ್ಲಿ, ಇಲ್ಲದಿದ್ದರೆ ಮತ್ತೆ ಸೀಳುತ್ತದೆ ಎಂದ. ಕೊನೆಗೆ ಎರಡೂ ಇದ್ದದ್ದೊಂದು ಸಿಕ್ಕಿತು. ನಾನು ಹೂಂ ಅನ್ನುವ ತನಕ ಅಣ್ಣ ಅದಕ್ಕೆ ಕೈ ಹಚ್ಚಲಿಲ್ಲ. ಹಿಡಿಯುವಲ್ಲಿ ವಜ್ರಾಕಾರದ ಗೀರು, ಎಣ್ಣೆಯ ಹೊಳಪು, ಅಡಿಭಾಗಕ್ಕೆ ಬೆಳ್ಳಿಯದೊಂದು ಬಿಲ್ಲೆ — ಎಲ್ಲ ನಿಶ್ಚಯವಾಯಿತು. ಬಿಲ್ಲೆಯ ಮೇಲೆ ಯಾರ ಅಕ್ಷರ ಎಂದು ಉಸ್ತಾದ ಕೇಳಿದ. “ಅಕ್ಷರ ಆಮ್ಯಾಲೆ ಹೇಳ್ತೀನಿ,” ಎಂದ ಅಣ್ಣ, ನನ್ನ ಮುಖ ನೋಡದೆ.

ಯಾಕೆ ಆಮೇಲೆ? ಹೊಡೆಯಲಾರದ ನನ್ನನ್ನು ಮರ ಆರಿಸಲು ಕರೆತಂದದ್ದು ಯಾಕೆ? ಟ್ರಾಮಿನಲ್ಲಿ ಕೂತಾಗಲೇ ನನ್ನ ತಲೆ ಓಡತೊಡಗಿತು.

ಅದೇ ವಾರ ನೀವು ಟೇಪು ತಂದಿರಿ, ವೈನಿ. ಸ್ವೆಟರ್ ಹೆಣೆಯುತ್ತೇನೆಂದು ನನ್ನ ಎಡಗೈ ಅಳೆದಿರಿ — ಮೊಣಕೈ ಮಡಿಕೆಯಿಂದ ತೋರುಬೆರಳಿನ ತನಕ. “ಮುಂಬೈದಾಗ ಸ್ವೆಟರ್ ಯಾಕ್ರಿ? ಮತ್ತ ಸ್ವೆಟರಿಗೆ ಬೆರಳ್ಯಾಕ?” ಎಂದು ಕೇಳಿದೆ. “ಸುಮ್ನ ನಿಂದರು,” ಎಂದಿರಿ ನಗುತ್ತ. ನೀವೂ ಅವರ ಕಡೆಯೇ ಎಂದುಕೊಂಡೆ. ಯಾವ ಕಡೆ, ಯಾರ ವಿರುದ್ಧ — ಅದು ನನಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಫೀಸಿನಿಂದ ತಪ್ಪಿಸಿಕೊಂಡು ಒಬ್ಬನೇ ಉಸ್ತಾದನಲ್ಲಿಗೆ ಹೋದೆ. ಕುಂದಾ ಅರ್ಧ ಕೆತ್ತಿಯಾಗಿತ್ತು. ನಳಿಗೆಯ ನೇರಕ್ಕೆ ಕಣ್ಣಿಟ್ಟು ನೋಡಿದರೆ ಹಿಂಬದಿ ತುಸು ಎಡಕ್ಕೆ ವಾಲಿತ್ತು. ಸೊಟ್ಟಗೆ ಕೆತ್ತಿದ್ದೀಯಲ್ಲ ಎಂದೆ. “ಬಾಯೇ ಕಂಧೇ ಕೇ ಲಿಯೇ ಹೈ, ಸಾಬ್,” ಎಂದ — ಎಡ ಹೆಗಲಿಗೆಂದೇ ಹಾಗೆ. ಅಂದವನೇ ನಾಲಿಗೆ ಕಚ್ಚಿಕೊಂಡ.

ಅಣ್ಣ ಬಲಗೈಯವನು. ನಾನು ಬಲಗೈಯವನು. ನಮ್ಮಲ್ಲಿ ಎಡಚ ಒಬ್ಬನೇ, ರುಸ್ತುಂ ಸೇಠ್. ಲೈಸೆನ್ಸ್ ಇಲ್ಲದವನು, ಪ್ರತಿ ಭಾನುವಾರ ಅಪ್ಪನ ಬಂದೂಕು ಸವರಿ, ಇಂಥದು ಈಗ ಸಿಗುವುದಿಲ್ಲ ಅನ್ನುತ್ತಿದ್ದವನು. ಆ ಉಸ್ತಾದನ ವಿಳಾಸ ಕೊಟ್ಟವನೂ ಅವನೇ. ಅಪ್ಪನ ಬಂದೂಕನ್ನು ಅಣ್ಣ ಅವನಿಗೆ ದಾಟಿಸುತ್ತಿದ್ದಾನೆ, ಮರ ಆರಿಸುವ ಕೂಲಿ ಮಾತ್ರ ನನ್ನದು — ಹಾಗೆ ತಿಳಿದೆ. ಅಣ್ಣನನ್ನು ಕೇಳಬಹುದಿತ್ತು. ಒಂದು ಮಾತು. ಕೇಳಲಿಲ್ಲ.

ನಮ್ಮ ಕಡೆಯವರೇ, ಗೋಕಾಕದ ಒಬ್ಬ ಇನ್‌ಸ್ಪೆಕ್ಟರು, ಆಗ ಫೋರ್ಟಿನ ಠಾಣೆಯಲ್ಲಿದ್ದರು. ಅವರ ಬಳಿ ಹೋಗಿ, ಲೈಸೆನ್ಸ್ ಇಲ್ಲದ ಎಡಚನೊಬ್ಬನಿಗೆ ಬಂದೂಕು ತಯಾರಾಗುತ್ತಿದೆ ಎಂದೆ. ಯಾರಿಗೆ ಎಂದು ಕೇಳಿದರು, ಗೊತ್ತಿಲ್ಲ ಎಂದೆ. ರುಸ್ತುಂ ಹೆಸರು ಹೇಳಿದರೆ ಸುದ್ದಿ ಮನೆಯೊಳಗಿಂದಲೇ ಬಂದದ್ದೆಂದು ತಿಳಿಯುತ್ತಿತ್ತು — ಅಷ್ಟು ಜಾಣತನವಿತ್ತು ನನಗೆ. “ನನ್ನ ಹೆಸರು ಹೇಳಬ್ಯಾಡ್ರಿ ಸಾಹೇಬ್ರ.”

ಅವರು ಬಂದೂಕನ್ನು ಉಸ್ತಾದನ ಅಂಗಡಿಯಿಂದ ಎತ್ತಿಸಿದರು, ಅಣ್ಣನನ್ನು ಕರೆಸಿದರು. ನಾನೂ ಜೊತೆಗೆ ಹೋದೆ, ಮುಖದ ತುಂಬ ಕಾಳಜಿ ಹೊತ್ತು. ಲೈಸೆನ್ಸ್ ಇಲ್ಲದ ಎಡಚನೊಬ್ಬನಿಗೆಂದು ನಮಗೆ ಸುದ್ದಿ ಬಂದಿದೆ, ಈ ಎಡಗಡೆಯ ಕುಂದಾ ಯಾರಿಗೆ ಎಂದು ಇನ್‌ಸ್ಪೆಕ್ಟರು ಕೇಳಿದರು.

“ನನ್ನ ತಮ್ಮಗ್ರಿ,” ಎಂದ ಅಣ್ಣ. “ಇವನ ಹೆಸರೂ ಲೈಸೆನ್ಸಿನಾಗ ಅದ. ಬಲಗಣ್ಣು ಹೋಗೇದ್ರಿ. ಎಡ ಹೆಗಲಿಗೆ ಮಾಡಿಸಿದ್ರ ಎಡಗಣ್ಣಿಂದ ಹೊಡೀಬಹುದು ಅಂತ ರುಸ್ತುಂ ಹೇಳಿದ. ದೀಪಾವಳಿಗೆ ಕೊಡೋಣ ಅಂತ ಮುಚ್ಚಿಟ್ಟಿದ್ವಿ.”

ಇನ್‌ಸ್ಪೆಕ್ಟರು ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ನನ್ನದು. ನನ್ನ ಹೆಸರು ಹೇಳುವುದಿಲ್ಲವೆಂದು ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಬಂದೂಕು ತಿರುಗಿ ಕೊಟ್ಟರು, ಅಷ್ಟೇ.

ಆಗಲೇ ಹೇಳಬೇಕಿತ್ತು. ಕಾಲು ಹಿಡಿಯಬೇಕಿತ್ತು. ಹೊರಗೆ ಫುಟ್‌ಪಾತಿನ ಮೇಲೆ ಅಣ್ಣ ನಿಂತ. “ಎಡ ಹೆಗಲಿಂದು ಅಂತ ಹೊರಗ ಹೆಂಗ ಹೋತು? ಉಸ್ತಾದ ತನ್ನ ಅಂಗಡಿಗೆ ತಾನ ಪೊಲೀಸರನ್ನ ಕರಸೂದಿಲ್ಲ. ಉಳದವ ರುಸ್ತುಂ ಒಬ್ಬನ. ವ್ಯಾಪಾರದಾಗ ಪಾಲಿನ ಮಾತು ಬಂದಾಗಿಂದ ಅಂವಾ ಬ್ಯಾರೆ ಆಗ್ಯಾನ. ಅಂವನ ಇರಬೇಕು, ಹೌದಿಲ್ಲೋ?”

ನಾನು ಅಂದೆ — “ಇರಬಹುದು, ಅಣ್ಣಾ.”

ಪೊಲೀಸರ ಬಳಿ ಹೋದದ್ದು ಮೂರ್ಖತನ. ಆ ಮಾತು ಪಾಪ. ನಾನಾಗಿ ಸುಳ್ಳು ಹುಟ್ಟಿಸಲೂ ಇಲ್ಲ ನೋಡಿ. ಅಣ್ಣನಲ್ಲಿ ಹುಟ್ಟಿದ ಸಂಶಯಕ್ಕೆ ಸುಮ್ಮನೆ ಕೈಯಾಸರೆ ಕೊಟ್ಟೆ. ನನ್ನ ರೋಗ ಅವನಿಗೆ ಅಂಟಿತು. ವ್ಯಾಪಾರದ ಪಾಲುದಾರಿಕೆ ಮುರಿಯಿತು. ಬಂದೂಕಿನ ಕೆಲಸ ಮುಗಿದಾಗ ತರಲು ನಾನೇ ಓಡಿದೆ — ಉಸ್ತಾದ ಅಣ್ಣನ ಜೊತೆ ಮಾತಾಡಬಾರದೆಂದು. ಉಸ್ತಾದನಿಗೆ ಎಲ್ಲ ಅರ್ಥವಾಗಿತ್ತು. ಬಂದೂಕನ್ನು ನನ್ನ ಕೈಗಿಡದೆ ಮೇಜಿನ ಮೇಲಿಟ್ಟ.

ಪಾರ್ಸಿಗಳ ಹೊಸವರ್ಷ ನವರೋಜಿಗೆ ರುಸ್ತುಂ ಸೇಠರ ಮನೆಯಿಂದ ಸಿಹಿಯ ಡಬ್ಬಿ ಬಂತು. ಅಣ್ಣ ಹೇಳಿದನೆಂದು ನೀವು ಬಾಗಿಲಿನಿಂದಲೇ ತಿರುಗಿ ಕಳಿಸಿದಿರಿ, ಒಳಗೆ ಬಂದು ಕಣ್ಣೊರೆಸಿಕೊಂಡಿರಿ. ನಾನು ಅಲ್ಲೇ ಪೇಪರ್ ಓದುತ್ತಿದ್ದೆ. ಮರುವರ್ಷವೂ ಬಂತು. ಆಮೇಲೆ ಬರಲಿಲ್ಲ. ಅಣ್ಣ ತೀರಿಹೋದ ದಿನ ರುಸ್ತುಂ ಸೇಠ್ ಬಂದಿದ್ದರು, ವೈನಿ. ನಿಮಗೆ ಗೊತ್ತಿಲ್ಲ. ಅಣ್ಣನನ್ನು ಹೊತ್ತು ಜನ ಇಳಿಯುವ ತನಕ ಕೆಳಗೆ ಮೆಟ್ಟಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಮೇಲೆ ಬನ್ನಿ ಎಂದು ನಾನು ಕರೆಯಲಿಲ್ಲ.

ಬಂದೂಕು ಇಲ್ಲೇ ಇದೆ. ಒಂದೇ ಒಂದು ಸಲ ಎಡ ಹೆಗಲಿಗೆ ಆನಿಸಿದ್ದೇನೆ. ಕೆನ್ನೆ ಮರಕ್ಕೆ ತಾಗಿದ ಕೂಡಲೇ ನಳಿಗೆಯ ತುದಿ ಕಣ್ಣಿಗೆ ನೇರ ಬಂತು — ಆ ಸ್ವೆಟರಿನ ಟೇಪಿನಲ್ಲಿ ಅಷ್ಟು ಸರಿಯಾಗಿ ನನ್ನನ್ನು ಅಳೆದಿದ್ದಿರಿ, ಅಣ್ಣ, ರುಸ್ತುಂ, ನೀವು, ಮೂವರೂ ಸೇರಿ. ಬೆಳ್ಳಿಯ ಬಿಲ್ಲೆ ಇನ್ನೂ ಬರಿದೇ ಇದೆ. ಅಕ್ಷರ ಯಾವುದೆಂದು ಅಣ್ಣ ಹೇಳಲೇ ಇಲ್ಲ. ಕೇಳುವ ಮುಖ ನನಗಿರಲಿಲ್ಲ.

ರುಸ್ತುಂ ಸೇಠ್ ಇದ್ದಾರೆ, ಅದೇ ಹಳೆಯ ಮನೆಯಲ್ಲಿ. ನಾಳೆ ಹೋಗುತ್ತೇನೆ. ನಿಮ್ಮನ್ನು ಜೊತೆಗೆ ಬನ್ನಿ ಅನ್ನುವುದಿಲ್ಲ, ಅವರು ಬಾಗಿಲು ತೆರೆಯಲಿಕ್ಕಿಲ್ಲ. ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರು ಕೇಳಿದರೂ ಕೇಳಲಿ. ಕೇಳಿಸಿಕೊಳ್ಳಬೇಕಾದ ಅಣ್ಣನೊಬ್ಬನೇ ಅಲ್ಲಿರುವುದಿಲ್ಲ.