ಜಾಕ್‌ವೆಲ್‌ನಲ್ಲಿ ಈರಣ್ಣ, ಕಂಪ್ಯೂಟರಿನಲ್ಲಿ ನಿನ್ನೆಯ ಹೊಳೆ

2007ರಲ್ಲಿ ನಾನು ಜಮಖಂಡಿ ತಾಲೂಕಿನ ಕೃಷ್ಣಾ ದಂಡೆಯಲ್ಲಿದ್ದ ಒಂದು ಏತ ನೀರಾವರಿ ಪಂಪ್‌ಹೌಸ್‌ನಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಕೆಲಸ ಮುಗಿದ ಮೇಲೆ ನನಗಿದ್ದ ಹುಚ್ಚು ಒಂದೇ, ಚೆಸ್ ಆಡುವ ಪ್ರೋಗ್ರಾಂ ಬರೆಯುವುದು.

ಇಂಥ ಪ್ರೋಗ್ರಾಮಿಗೆ ಚೆಸ್ ಎಂಜಿನ್ ಎನ್ನುತ್ತಾರೆ. ಒಂದು ನಡೆ ಯೋಚಿಸಲು ಅದು ಲಕ್ಷಗಟ್ಟಲೆ ಸ್ಥಿತಿಗಳನ್ನು ನೋಡುತ್ತದೆ. ನೋಡಿದ್ದನ್ನೇ ಮತ್ತೆ ನೋಡಬಾರದೆಂದು ಪ್ರತಿ ಸ್ಥಿತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದರ ಬೆಲೆ, ಎಷ್ಟು ನಡೆ ಮುಂದಕ್ಕೆ ನೋಡಿತೆಂಬ ಆಳ, ಅಲ್ಲಿ ಸಿಕ್ಕ ಒಳ್ಳೆಯ ನಡೆ ಇವನ್ನೆಲ್ಲ ಹ್ಯಾಶ್ ಟೇಬಲ್ ಎಂಬ ಕೋಷ್ಟಕದಲ್ಲಿ ಬರೆದಿಡುತ್ತದೆ. ಮೊದಲು ಕುದುರೆ ನಡೆಸಿ ಆಮೇಲೆ ಆನೆ ನಡೆಸಿದರೂ, ಮೊದಲು ಆನೆ ನಡೆಸಿದರೂ, ಕೊನೆಗೆ ಮುಟ್ಟಿದ ಜಾಗ ಒಂದೇ ಆದರೆ ಅದು ಗುರುತು ಹಿಡಿಯುತ್ತದೆ.

ಮೊದಮೊದಲು ಪ್ರತಿ ನಡೆಯಾದ ಮೇಲೆ ನಾನು ಆ ಟೇಬಲ್ಲನ್ನು ಅಳಿಸಿಬಿಡುತ್ತಿದ್ದೆ. ಆಮೇಲೆ ಅಳಿಸದೆ ಉಳಿಸಿಕೊಂಡು, ಪ್ರತಿ ನಮೂದಿಗೂ ವಯಸ್ಸಿನ ಗುರುತು ಹಾಕಿ, ಜಾಗ ಸಾಲದಾಗ ಹಳೆಯದನ್ನು ಮೊದಲು ಒರೆಸುವಂತೆ ಮಾಡಿದೆ. ಅವತ್ತು ನಾನು ನಡೆ ಹಾಕುತ್ತಿದ್ದಂತೆ ಎಂಜಿನ್ ಹಿಂದಿನ ಯೋಚನೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿತು. ನಾನೇ ಬರೆದದ್ದು, ಆದರೂ ಕುರ್ಚಿಯಿಂದ ಎದ್ದು ನಿಂತಿದ್ದೆ.

ಅದೇ ಉಪಾಯವನ್ನು ಹೊಳೆಗೂ ಹಚ್ಚಿದೆ. ಮೇಲಿನ ಬ್ಯಾರೇಜಿನಿಂದ ಬಿಟ್ಟ ನೀರು ನಮ್ಮ ಹತ್ತಿರ ಯಾವಾಗ ಎಷ್ಟು ಏರುತ್ತದೆ ಎಂಬ ಲೆಕ್ಕಕ್ಕೆ ನಮ್ಮ ಹಳೆಯ ಕಂಪ್ಯೂಟರ್ ಅರ್ಧ ತಾಸು ತೆಗೆದುಕೊಳ್ಳುತ್ತಿತ್ತು. ಒಮ್ಮೆ ಮಾಡಿದ ಲೆಕ್ಕವನ್ನು ಟೇಬಲ್ಲಿನಲ್ಲಿಟ್ಟ ಮೇಲೆ ಉತ್ತರ ಕಣ್ಣು ಮಿಟುಕಿಸುವುದರಲ್ಲಿ ಬರತೊಡಗಿತು.

ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಜಾಕ್‌ವೆಲ್‌ನ, ಅಂದರೆ ಹೊಳೆಯ ನೀರು ಬಂದು ತುಂಬುವ ಕಾಂಕ್ರೀಟ್ ಬಾವಿಯ, ಜಾಲರಿಗೆ ಕಸ ಕಟ್ಟಿಕೊಂಡಿತು. ಹೊಳೆಯ ಕಡೆಯ ಕಿಂಡಿಗೆ ಮರಳು ಚೀಲ ಒಡ್ಡಿ, ಒಳಗಿನ ನೀರು ತೆಗೆದು, ಅದನ್ನು ಬಿಡಿಸಲು ಫಿಟರ್ ಈರಣ್ಣ ನಲವತ್ತು ಅಡಿ ಕೆಳಗಿಳಿಯಬೇಕಿತ್ತು. ಬನಹಟ್ಟಿಯ ನೇಕಾರ ಮನೆಯವರು, ಮಗ್ಗ ಬಿಟ್ಟು ಈ ಕೆಲಸಕ್ಕೆ ಬಂದಿದ್ದರು. ಹೊಳೆ ಚೀಲ ದಾಟುವ ಮೊದಲು ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳಿದರು. ಬ್ಯಾರೇಜಿನ ಹೊರಹರಿವು ಮತ್ತು ನಮ್ಮ ದಂಡೆಯ ನೀರಿನ ಮಟ್ಟ, ಎರಡು ಅಂಕಿ ಒತ್ತಿದೆ. ತಕ್ಷಣ ಬಂತು: ಆರು ತಾಸು.

“ನಿಮ್ಮ ಡಬ್ಬಿ ಭಾಳ ಲಗೂ ಹೇಳ್ತು ಬಿಡ್ರಿ. ನಮ್ಮನ್ಯಾಕಿ ಒಂದ್ ಚಾಕ್ಕ ಹೂಂ ಅನ್ನಾಕ ಇದಕಿಂತ ಹೊತ್ತ ಹಿಡೀತಾಳ,” ಎಂದು ನಗುತ್ತ ಇಳಿದರು.

ಒಂದೂವರೆ ತಾಸಿಗೆ ಪಂಪ್ ಆಪರೇಟರ್ ಮಲ್ಲಪ್ಪ ಬಾಗಿಲಿಗೆ ಬಂದರು. ಕುರಿ ಕಾಯುವ ಮನೆತನ, ಚಿಕ್ಕಂದಿನಿಂದ ಹೊಳೆ ದಂಡೆಯಲ್ಲೇ ತಿರುಗಾಡಿದವರು.

“ಸಾಹೇಬ್ರ, ನೊರಿ ನಿಂತೈತ್ರಿ.”

ನನಗೆ ತಿಳಿಯಲಿಲ್ಲ.

“ಹೊಳ್ಯಾಗಿನ ನೊರಿ ಮುಂದಕ ಹೋಗವಲ್ದು. ನೀರು ಕೆಳಗಿನ ಕಡಿಂದ ಏರಾಕತ್ತೈತಿ. ಈರಣ್ಣನ್ನ ಮ್ಯಾಲ ಕರೀರಿ.”

ನಾನು ತಿರುಗಿ ಪರದೆ ನೋಡಿದೆ. ಇನ್ನೂ ನಾಲ್ಕೂವರೆ ತಾಸು ಉಳಿದಿತ್ತು. ಅಷ್ಟರಲ್ಲಿ ಮಲ್ಲಪ್ಪ ಬಾವಿಯ ಕಡೆ ನಡೆದಾಗಿತ್ತು. ಆ ಒಂದು ನೋಟಕ್ಕೆ ಖರ್ಚಾದ ಗಳಿಗೆ ಇಂದಿಗೂ ನನ್ನೊಳಗೆ ಮುಗಿದಿಲ್ಲ.

ನಾನು ಓಡಿ ಹೋಗುವಷ್ಟರಲ್ಲಿ ಮಲ್ಲಪ್ಪ ಬಗ್ಗಿ ಕೂಗುತ್ತಿದ್ದರು: “ಈರ್ಯಾ, ಪಾನಾ ಅಲ್ಲೇ ಒಗದು ಏರ್ ಲೇ.” ಈರಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಕಬ್ಬಿಣದ ಮೆಟ್ಟಿಲು ಹಿಡಿದಿದ್ದರು. ಚೀಲಗಳ ಮೇಲಿಂದ ಮೊದಲು ತೆಳ್ಳಗೆ ನೀರು ಇಳಿಯಿತು. ಮರುಕ್ಷಣ ಚೀಲಗಳೇ ಒಳಗೆ ಬಂದವು. ಕೆಂಪು ನೀರು ಅವರ ಕಾಲಿನ ಹಿಂದೆಯೇ ಏರಿತು, ಮೊಣಕಾಲು ಮುಟ್ಟಿತು, ಸೊಂಟ ಮುಟ್ಟಿತು. ಮಲ್ಲಪ್ಪ ಅಂಗಿಯ ಕೊರಳು ಹಿಡಿದು ಎಳೆದುಕೊಂಡರು. ಈರಣ್ಣ ನಿಂತು ಕೆಲಸ ಮಾಡಿದ ಜಾಗ ಎಲ್ಲಿತ್ತು ಎಂಬುದೂ ಕಾಣದಂತೆ ಬಾವಿ ತುಂಬಿತ್ತು.

ತಪ್ಪು ಹೊಳೆಯದಲ್ಲ, ಕಂಪ್ಯೂಟರಿನದೂ ಅಲ್ಲ. ಚೆಸ್‌ನಲ್ಲಿ ಗುರುತಿನ ಸಂಖ್ಯೆಯೊಳಗೆ ಕಾಯಿಗಳೆಲ್ಲ ಇರುತ್ತವೆ, ಮುಂದಿನ ಸರದಿ ಯಾರದೆಂಬುದೂ ಇರುತ್ತದೆ. ಸರದಿಯನ್ನು ಬಿಟ್ಟರೆ ಗೆಲುವು ಸೋಲುಗಳು ಒಂದೇ ಆಗಿ ಕಾಣುತ್ತವೆ. ಹೊಳೆಯ ಲೆಕ್ಕದ ಗುರುತಿಗೆ ನಾನು ಬ್ಯಾರೇಜು ಮತ್ತು ನಮ್ಮ ದಂಡೆಯ ಅಂಕಿ ಮಾತ್ರ ಸೇರಿಸಿದ್ದೆ, ಕೆಳಗಿನ ಅಣೆಕಟ್ಟಿನ ಹಿನ್ನೀರನ್ನು ಬಿಟ್ಟಿದ್ದೆ. ಸೇರಿಸಿದ ಎರಡು ಅಂಕಿ ಅವತ್ತು ನಿನ್ನೆಯಂತೆಯೇ ಇದ್ದವು, ಏರಿದ್ದು ಬಿಟ್ಟಿದ್ದ ಹಿನ್ನೀರು. ಪ್ರೋಗ್ರಾಂ ಪ್ರಾಮಾಣಿಕವಾಗಿ ನಿನ್ನೆಯ ಉತ್ತರ ಕೊಟ್ಟಿತ್ತು.

ಮರುದಿನ ಇದನ್ನೆಲ್ಲ ಈರಣ್ಣನ ಮುಂದೆ ಒಪ್ಪಿಕೊಂಡು, ಟೇಬಲ್ಲನ್ನೇ ತೆಗೆದುಹಾಕುತ್ತೇನೆ ಎಂದೆ. ಅವರು ಮಗ್ಗದ ಮಾತು ತೆಗೆದರು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ನೂಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಎಳೆ ಹೊಸೆದು ಸೇರಿಸುತ್ತಾರೆ, ಅದಕ್ಕೆ ಕೆಚ್ಚುವುದು ಎನ್ನುತ್ತಾರೆ.

“ಹಳೇ ಎಳಿಗೇ ಹೊಸಾದು ಕೆಚ್ಚತೇವ್ರಿ, ಸಾಹೇಬ್ರ. ಹಳೇದು ಇಟ್ಕೊಂಡಿದ್ದು ತಪ್ಪಲ್ಲ. ಜಗ್ಗಿ ನೋಡದ ಇಟ್ಕೊಂಡಿದ್ದು ತಪ್ಪು.”

ಒಳ್ಳೆಯ ಎಂಜಿನ್ನುಗಳೂ ಹಾಗೆಯೇ ಮಾಡುತ್ತವೆ ಎಂದು ಆಮೇಲೆ ಹೊಳೆಯಿತು. ನಮೂದಿನ ಆಳ ಸಾಲದಿದ್ದರೆ ಅದರ ಬೆಲೆಯನ್ನು ನಂಬುವುದಿಲ್ಲ. ಅದು ಸೂಚಿಸಿದ ನಡೆಯನ್ನು ಮಾತ್ರ, ಆಡಲು ಬರುತ್ತದೆಯೇ ಎಂದು ಪರೀಕ್ಷಿಸಿ, ಎಲ್ಲಕ್ಕಿಂತ ಮೊದಲು ಯೋಚಿಸಿ ನೋಡುತ್ತವೆ. ನೆನಪು ಅಲ್ಲಿ ಸಲಹೆ, ತೀರ್ಪಲ್ಲ. ಆ ಯಂತ್ರಗಳ ಬಗ್ಗೆ ನನಗಿದ್ದ ಬೆರಗು ಅವತ್ತು ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಹಿನ್ನೀರನ್ನೂ ಸೇರಿಸಿ ಪ್ರೋಗ್ರಾಂ ತಿದ್ದಿದೆ, ಅದು ಸರಿಯಾದ ಉತ್ತರವನ್ನೇ ಕೊಡತೊಡಗಿತು. ಆದರೂ ನಿವೃತ್ತಿಯ ತನಕ ಯಾರೇ ಬಾವಿಗಿಳಿದರೂ ನಾನು ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಇಳಿದವರು ಹತ್ತಿ ಬರುವವರೆಗೆ ಬಾವಿಯ ಬಾಯಲ್ಲೇ ನಿಂತಿರುತ್ತಿದ್ದೆ.