ಏಳು ಅಂಗಳಗಳ ಹುಡುಗಿ

ಅಲ್ ಕುಸೈಸ್‌ನ ನಮ್ಮ ಶಾಲೆಯ ಹನ್ನೊಂದನೆಯ ನಂಬರಿನ ಬಸ್ಸಿಗೆ ಕೊರಪೊಳು ಆಯಾ ಆಗಿದ್ದಳು. ಉಡುಪಿ ಕಡೆಯ ಕೊರಗರ ಹೆಂಗಸು. ತೊಂಬತ್ನಾಲ್ಕರಲ್ಲಿ ಮನೆಗೆಲಸಕ್ಕೆಂದು ದುಬೈಗೆ ಬಂದವಳು, ಆ ಮನೆಯವರು ಊರಿಗೆ ಮರಳಿದ ಮೇಲೆ ಬಸ್ಸಿಗೆ ಸೇರಿದಳು. ಚಳಿಗಾಲದ ಬೆಳಿಗ್ಗೆ ಮಂಜು ಕವಿದು ಕಟ್ಟಡಗಳ ಕೆಳಗಿನ ಅರ್ಧ ಇಲ್ಲವಾಗುತ್ತಿತ್ತು. ಮೇಲಿನ ಕಿಟಕಿಗಳ ಬೆಳಕು ಮಾತ್ರ ಯಾವುದಕ್ಕೂ ಅಂಟಿಕೊಳ್ಳದೆ ತೇಲುತ್ತಿತ್ತು. ಆ ಬಿಳುಪಿನೊಳಗಿಂದ ಮಕ್ಕಳು ಒಬ್ಬೊಬ್ಬರಾಗಿ ಚೀಲ ಹೊತ್ತು ಮೂಡಿ ಬರುತ್ತಿದ್ದರು. ಅವಳು ಕೈಹಿಡಿದು ಹತ್ತಿಸಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಇಳಿಸುವಾಗ ಅವಳ ಕೆಲಸ ಬೇರೆ. ಪ್ರತಿ ಮಗುವಿನ ಕೊರಳಲ್ಲಿ ಒಂದು ಹಳದಿ ಕಾರ್ಡು. ಮಗುವನ್ನು ಯಾರ ಕೈಗೆ ಒಪ್ಪಿಸಬಹುದೋ ಆ ಮೂವರ ಹೆಸರು ಅದರಲ್ಲಿ. ಮೂವರಲ್ಲಿ ಒಬ್ಬರೂ ನಿಂತಿರದಿದ್ದರೆ ಮಗು ಶಾಲೆಗೆ ವಾಪಸ್ಸು. ಮಗುವಿನ ಸ್ವಂತ ಮಾವನೇ ಬಂದು ಕೂಗಾಡಿದರೂ ಅವಳು ಬಾಗಿಲು ತೆಗೆಯುತ್ತಿರಲಿಲ್ಲ. ಡ್ರೈವರ್ ಕಜೆತಾನ್ ಇದಕ್ಕೆ ಅವಳನ್ನು 'ಇಮಿಗ್ರೇಷನ್' ಎಂದು ಕರೆಯುತ್ತಿದ್ದ.

ಎರಡು ಸಾವಿರದ ಐದರ ಫೆಬ್ರವರಿಯಲ್ಲಿ ಊರಿಂದ ಸುದ್ದಿ ಬಂತು. ತೀರಿಹೋದ ಅವಳ ತಂಗಿಯ ಮಗಳು, ಏಳು ವರ್ಷದ ಸುಗಂಧಿಯನ್ನು ಪೇಟೆಯ ಮಕ್ಕಳ ನಿಲಯಕ್ಕೆ ಸೇರಿಸುತ್ತಾರಂತೆ. ಎರಡು ಸೋಮವಾರ ಕಳೆದರೆ ಮಕ್ಕಳ ಕಲ್ಯಾಣ ಸಮಿತಿಯ ಎದುರು ವಿಚಾರಣೆ.

ಹುಡುಗಿಗೆ ಯಾರೂ ಹೊಡೆದಿರಲಿಲ್ಲ. ಅವಳು ಹಸಿದೂ ಇರಲಿಲ್ಲ. ಇಲಾಖೆಯವರು ಮೂರು ಸಲ ಊರಿನ ಕೊರಗರ ಕಾಲನಿಗೆ ಬಂದರು, ಮೂರು ಸಲವೂ ಅವಳು ಅಜ್ಜಿಯ ಮನೆಯಲ್ಲಿ ಸಿಗಲಿಲ್ಲ. ಒಂದು ಮನೆಯಲ್ಲಿ ಉಂಡು, ಇನ್ನೊಂದರಲ್ಲಿ ಮಲಗಿ, ಮೂರನೆಯದರಲ್ಲಿ ತಲೆ ಬಾಚಿಸಿಕೊಳ್ಳುವುದು ಆ ಕಾಲನಿಯ ಎಲ್ಲ ಮಕ್ಕಳ ರೂಢಿ. ನಾಲ್ಕನೆಯ ಸಲ ಅಜ್ಜಿ ಸಿಕ್ಕಿದಳು. ಹುಡುಗಿ ಅವಳ ಮಡಿಲಲ್ಲೇ ಇದ್ದಳು. ಅಜ್ಜಿ ಹೇನು ಹೆಕ್ಕುತ್ತಿದ್ದಳು. ಇದಕ್ಕೆ ಯಾರಿದ್ದಾರೆ ಎಂದು ಕೇಳಿದ್ದಕ್ಕೆ, "ಯಾರೂ ಇಲ್ಲ ದಣಿ" ಎಂದಳು.

ಅಕ್ಕಿ ಕೇಳುವಾಗ, ಹಂಚು ಕೇಳುವಾಗ, ಸಹಿ ಕೇಳುವಾಗ ಆ ಕಾಲನಿಯ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು ಅದೊಂದೇ ಮಾತು. ಅಧಿಕಾರದ ಎದುರು ತನಗೆ ಜನ ಇದ್ದಾರೆ ಎನ್ನುವುದು ಉದ್ಧಟತನ. ಬಂದವರು ಅದನ್ನು ವಿನಯವೆಂದು ತಿಳಿಯದೆ ಸಂಗತಿಯೆಂದು ಬರೆದುಕೊಂಡರು. ಕಡತದಲ್ಲಿ ಸುಗಂಧಿ ಅನಾಥೆಯಾದಳು. ಆ ನಿಲಯದ ನಲವತ್ತು ಮಕ್ಕಳಲ್ಲಿ ಒಂಬತ್ತು ಕೊರಗರವು. ಇಡೀ ತಾಲೂಕಿನ ಕೊರಗರನ್ನು ಕೂಡಿಸಿದರೂ ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಮಕ್ಕಳಷ್ಟು ಆಗಲಾರರು. ಒಂಬತ್ತು ಅಲ್ಲಿಗೆ ಹೇಗೆ ಸೇರಿದವು ಎಂದು ಯಾರೂ ಕೇಳಿರಲಿಲ್ಲ.

ಕೊರಪೊಳು ಫೋನು ಮಾಡಿ, ವಿಚಾರಣೆಯಲ್ಲಿ ಹಾಗೆ ಹೇಳಬೇಡಿ ಎಂದಳು. ಅಜ್ಜಿಗೆ ಸಿಟ್ಟು ಬಂತು. "ದೊಡ್ಡವರ ಎದುರು ಜನ ಉಂಟು ಅಂತ ಜಂಬ ಕೊಚ್ಚುದಾ? ನಿಂಗೆ ದುಬೈ ನೆತ್ತಿಗೇರಿದೆ ಮಗಾ."

ಮರುದಿನ ಕೊರಪೊಳು ಒಂದು ಖಾಲಿ ಹಳದಿ ಕಾರ್ಡು ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ನಾನು ಅಲ್ಲಿ ಭೂಗೋಳ ಕಲಿಸುತ್ತಿದ್ದೆ.

"ಇದ್ರಲ್ಲಿ ಮೂರೇ ಹೆಸರು ಹಿಡಿತದೆ ಟೀಚರ್. ನಮ್ಮ ಹುಡುಗಿಗೆ ದೊಡ್ಡದು ಬೇಕು."

ಮಕ್ಕಳು ಇನ್ನೂ ತರಗತಿಯಲ್ಲಿದ್ದ ಹೊತ್ತು. ಬಸ್ಸು ಮೈದಾನದ ಅಂಚಿನಲ್ಲಿ ನಿಂತಿತ್ತು, ಕಿಟಕಿಗಳಿಗೆ ನೀಲಿ ಪರದೆ. ಒಳಗಿನ ಬೆಳಕು ನೀರಿನಡಿಯ ಬೆಳಕಿನಂತಿತ್ತು. ಕಜೆತಾನ್ ತನ್ನ ಮೊಬೈಲಿನ ಸ್ಪೀಕರ್ ಹಾಕಿ ಸೀಟಿನ ಮೇಲಿಟ್ಟ. ಅತ್ತ ಕಾಲನಿಯಲ್ಲಿ ಅಂಗನವಾಡಿಯ ಕೆಲಸದ ಹುಡುಗಿ ತನ್ನ ಫೋನು ಹಿಡಿದು ಮನೆಯಿಂದ ಮನೆಗೆ ನಡೆದಳು. ಮೊದಲು ಅವಳ ಚಪ್ಪಲಿಯ ಸದ್ದು. ಆಮೇಲೆ ಬುಟ್ಟಿಗೆ ಬಿಳಲು ಸೀಳುವ ಸದ್ದು, ಉದ್ದಕ್ಕೆ, ಬಟ್ಟೆ ಹರಿದಂತೆ. ಒಂದು ಕೋಳಿ. ಯಾರೋ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಕೊರಪೊಳು ಕಣ್ಣು ಮುಚ್ಚಿಕೊಂಡಿದ್ದಳು. ಧ್ವನಿ ಬರುವ ಮೊದಲೇ, "ಇದು ಚೋಮುವಿನ ಅಂಗಳ," ಎನ್ನುತ್ತಿದ್ದಳು, ಹಾಗೆಯೇ ಆಗಿರುತ್ತಿತ್ತು. ಹನ್ನೊಂದು ವರ್ಷ ಕಾಣದ ದಾರಿಯಲ್ಲಿ ಅವಳ ಪಾದಗಳು ಬಸ್ಸಿನ ನೆಲದ ಮೇಲೆ ಮೆಲ್ಲಗೆ ಅಲುಗುತ್ತಿದ್ದವು.

ಪ್ರತಿ ಅಂಗಳದಲ್ಲಿ ಅವಳು ಕೇಳಿದ್ದು ಒಂದೇ: ಮಗು ನಿಮ್ಮಲ್ಲಿ ಏನು ಮಾಡುತ್ತದೆ? ಇಲ್ಲಿ ಗಂಜಿ ಕುಡಿಯುತ್ತದೆ. ಇಲ್ಲಿ ಮಳೆಗಾಲ ಮಲಗುತ್ತದೆ. ಇಲ್ಲಿಯ ಹುಡುಗನ ಜತೆ ಶಾಲೆಗೆ ಹೋಗುತ್ತದೆ. ಜ್ವರ ಬಂದರೆ ಇಲ್ಲಿ. ಏಳು ಅಂಗಳ, ಹತ್ತೊಂಬತ್ತು ಹೆಸರು, ನಾನು ಬರೆದುಕೊಂಡೆ. ಟೈಪಿಂಗ್ ಸೆಂಟರಿನಿಂದ ಊರಿಗೆ ಫ್ಯಾಕ್ಸು ಹೋಯಿತು. ಕಾಲನಿಯವರು ಅದಕ್ಕೆ ಹೆಬ್ಬೆಟ್ಟು ಒತ್ತಿ ಸಮಿತಿಗೆ ಕೊಟ್ಟರು.

ವಿಚಾರಣೆಯ ಸೋಮವಾರ ಮಧ್ಯಾಹ್ನ ಮಕ್ಕಳನ್ನು ತುಂಬಿಕೊಳ್ಳುವ ಮೊದಲು ಊರಿನ ಫೋನು ಬಂತು. ನಾನೂ ಬಸ್ಸಿನಲ್ಲಿದ್ದೆ. ಅಂಗನವಾಡಿಯ ಹುಡುಗಿ ಏದುಸಿರಿನಲ್ಲಿ ಹೇಳಿದಳು: ಸಮಿತಿಯ ಅಧ್ಯಕ್ಷೆ ಕೇಳಿದಾಗ ಅಜ್ಜಿ ಮತ್ತೆ "ಯಾರೂ ಇಲ್ಲ ದಣಿ" ಎಂದೇಬಿಟ್ಟಳು. ಕೊರಪೊಳು ಸೀಟಿನ ಕಂಬಿ ಹಿಡಿದುಕೊಂಡಳು. ಆಮೇಲೆ ಅಧ್ಯಕ್ಷೆ ಫ್ಯಾಕ್ಸಿನ ಹಾಳೆಯಿಂದ ಹೆಸರು ಕೂಗತೊಡಗಿದಳಂತೆ. ಅಜ್ಜಿಯ ಹಿಂದಿನಿಂದ, ಬಾಗಿಲಾಚೆಯಿಂದ, ಜಗಲಿಯಿಂದ ಒಂದೊಂದೇ ಧ್ವನಿ ಉತ್ತರಿಸಿತು. ಹತ್ತೊಂಬತ್ತೂ. ಹಾಗಾದರೆ ಇವರೆಲ್ಲ ಯಾರು ಎಂದು ಅಧ್ಯಕ್ಷೆ ಕೇಳಿದಳು.

"ಇವರಾ? ಇವರು ನಮ್ಮವರು ದಣಿ," ಎಂದಳಂತೆ ಅಜ್ಜಿ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಅಧ್ಯಕ್ಷೆ ಕಡತದಲ್ಲಿ ಒಂದು ಪದ ಹೊಡೆದುಹಾಕಿದಳು. ಹುಡುಗಿ ಕಾಲನಿಯಲ್ಲೇ ಇರಬೇಕು. ಮೂರು ತಿಂಗಳಿಗೊಮ್ಮೆ ನೋಡಲು ಬರುವವರು ಏಳು ಮನೆಗೂ ಹೋಗಬೇಕು.

ಕಜೆತಾನ್ ಎಂಜಿನ್ ಶುರು ಮಾಡಿದ. "ಖಲಾಸ್ ಅಲ್ವಾ ಇನ್ನು? ಯಲ್ಲಾ, ಬೇಗ ಮಕ್ಕಳನ್ನು ಹತ್ತಿಸು ಮಾರಾಯ್ತಿ."

ಕೊರಪೊಳು ಮೊದಲು ನನ್ನ ಕಡೆ ತಿರುಗಿದಳು. ನಿಲಯದಲ್ಲಿ ಇನ್ನೂ ಒಂಬತ್ತು ಇವೆ ಎಂದಳು. ಅವರಲ್ಲಿ ಒಬ್ಬ ತನಿಯ ಎಂಬವನ ಮಗ. ಅವನ ತಾಯಿಯ ಕಡೆಯವರು ಎಲ್ಲಿದ್ದಾರೆಂದು ಅವಳಿಗೆ ಗೊತ್ತಿತ್ತು.

"ಶುಕ್ರವಾರ ರಜೆ ಉಂಟಲ್ಲ ಟೀಚರ್. ಕಾಗದ ತಕೊಂಡು ಬನ್ನಿ."

ಹೋದೆ. ಆ ಹುಡುಗನನ್ನು ಬಿಡಿಸಿಕೊಳ್ಳಲು ನಮಗೆ ಎರಡು ವರ್ಷ ಹಿಡಿಯಿತು.